ಅಳತೆಗೆ ನಿಲ್ಲದ ಕೌದಿ

ನಾನು ಒಂದು ಕೌದಿ. ನೆಲ ಒರೆಸುವ ಅರಿವೆಯಾಗಿ ಮುಗಿಯಬೇಕಾಗಿತ್ತು. ಗದಗದ ಒಂದು ಹಿತ್ತಲಲ್ಲಿ, ಬೆಳಗಿನ ಹೊತ್ತು, ಬಸುರಿ ಶಿವಲೀಲಾ ತನ್ನ ಹಳೆಯ ಇಳಕಲ್ ಸೀರೆಯನ್ನು ಹರಿಯುತ್ತಿದ್ದಳು. ಅರ್ಧ ಹರಿದಾಗ ಆಸ್ಪತ್ರೆಯಿಂದ ಫೋನ್ ಬಂತು. ಎರಡನೆಯ ಸ್ಕ್ಯಾನಿಂಗೂ ಅದನ್ನೇ ಹೇಳಿತ್ತು. ಹೊಟ್ಟೆಯೊಳಗಿನ ಕೂಸಿಗೆ ಮೂತ್ರಪಿಂಡಗಳಿಲ್ಲ, ಅದರಿಂದ ಶ್ವಾಸಕೋಶವೂ ಬೆಳೆದಿಲ್ಲ. ಹುಟ್ಟಿದ ಮೇಲೆ ಕೆಲವು ಗಂಟೆ ಉಳಿದರೆ ಹೆಚ್ಚು.

ಅವಳು ಮುಂದೆ ಹರಿಯಲಿಲ್ಲ. ಉಳಿದದ್ದನ್ನು ಒಗೆದು, ಒಣಗಿಸಿ, ಮಡಿಕೆ ಹಾಕಿ ಸೂಜಿ ಹಿಡಿದಳು. ಹಾಗೆ ನಾನು ಹುಟ್ಟಿದೆ, ಒಂದು ಎಳೆಗೂಸನ್ನು ಸುತ್ತುವಷ್ಟು.

ಆದರೆ ಇರುವಷ್ಟಕ್ಕೆ ಇರಲು ನನ್ನನ್ನು ಬಿಡಲಿಲ್ಲ. ಮಧ್ಯಾಹ್ನ ಅತ್ತೆ ಬಸಲಿಂಗವ್ವ ನನ್ನ ಅಂಚಿಗೆ ಹೊಸ ತುಂಡು ಜೋಡಿಸುತ್ತಿದ್ದಳು. ಕೂಸು ಶಾಲೆಗೆ ಹೋಗುವತನಕ ಹೊದೆಯಲು ಬರಬೇಕಂತೆ. ಸಂಜೆ ಶಿವಲೀಲಾ ಆ ಹೊಲಿಗೆ ಬಿಚ್ಚುತ್ತಿದ್ದಳು. ಮರುದಿನ ಮತ್ತೆ ತುಂಡು. ನನ್ನ ಅಂಚೆಲ್ಲ ತೂತು ಬಿದ್ದು ಜಾಳಾಯಿತು. ನನಗಂತೂ ಬಾಯಿಲ್ಲ. ಬಾಯಿದ್ದ ಇವರಿಗೇನಾಗಿತ್ತು?

ಆಡಬೇಕಾದ ಮಾತು ಬೇಕಾದಷ್ಟಿತ್ತು. ಹೆರಿಗೆಗೆ ಮೊದಲೇ ಮನೆಯವರೆಲ್ಲ ಬಂದು ಕೂತು ಮಾತಾಡಿ ಎಂದು ಡಾಕ್ಟರಬಾಯಿ ಹೇಳಿಕಳಿಸಿದ್ದರು. ಕೂಸಿಗೆ ನಳಿಗೆ ಹಾಕಿ ಯಂತ್ರಕ್ಕೆ ಹಚ್ಚಬೇಕೋ, ನೋವಾಗದಂತೆ ಔಷಧಿ ಕೊಟ್ಟು ತಾಯಿಯ ಎದೆಯ ಮೇಲೆ ಮಲಗಿಸಬೇಕೋ, ಹತ್ತಿರ ಯಾರಿರಬೇಕು, ಎಲ್ಲ ಈಗಲೇ ತೀರ್ಮಾನವಾಗಬೇಕು. ಇಲ್ಲವಾದರೆ ಹೆರಿಗೆಯ ಗಡಿಬಿಡಿಯಲ್ಲಿ ಕೂಸನ್ನು ಬೇರೆ ಕೋಣೆಗೆ ಒಯ್ದುಬಿಡಬಹುದು. ಶಿವಲೀಲಾಳಿಗೆ ಬೇಕಾಗಿದ್ದು ಒಂದೇ, ಇರುವಷ್ಟು ಹೊತ್ತು ಕೂಸು ತನ್ನ ತೋಳಲ್ಲಿರಬೇಕು. ಆದರೆ ಆ ಮಾತು ಬಂತೆಂದರೆ ಗಂಡ ಮಹಾಂತೇಶ ಬೈಕ್ ಒರೆಸಲು ಎದ್ದುಹೋಗುತ್ತಿದ್ದ. ಅತ್ತೆ ಸೂಜಿಗೆ ದಾರ ಪೋಣಿಸುತ್ತ, "ಹೊಟ್ಟ್ಯಾಗಿರೂ ಕೂಸಿಗೆ ಸಾವಿನ ಮಾತ ಆಡ್ತಾರೇನವಾ?" ಎನ್ನುತ್ತಿದ್ದಳು. ಶಿವಲೀಲಾಳ ಹಿರಿಯ ಮಗಳು ದಾಕ್ಷಾಯಣಿ ಹತ್ತಿರ ಸುಳಿದರೆ ಮೂವರೂ ಆಡಲು ಹೋಗು ಎಂದು ಅಟ್ಟುತ್ತಿದ್ದರು.

ಆಸ್ಪತ್ರೆಗೆ ಹೋಗಬೇಕಾದ ದಿನ ಮತ್ತೊಮ್ಮೆ ತಪ್ಪಿತು. ಅಂದು ಶಿವಲೀಲಾ ಕತ್ತರಿ ತಂದು, ಅತ್ತೆಯ ಎದುರಿಗೇ, ಜೋಡಿಸಿದ್ದ ತುಂಡನ್ನು ಕತ್ತರಿಸಿ ಹಾಕಿದಳು. ನನಗೂ ತಾಗಿತು, ತಾಗಲಿ.

"ಇದನ್ನ ಇನ್ನ ದೊಡ್ಡದು ಮಾಡಬ್ಯಾಡ್ರಿ, ಅತ್ತಿ. ನನ್ನ ಕೂಸು ನನ್ನ ಕೈಯಾಗ ಹೋಗಲಿ. ಇದನ್ನ ಡಾಕ್ಟರಿಗೆ ಹೇಳಾಕ ನೀವೂ ಬರ್ರಿ."

ಬಸಲಿಂಗವ್ವ ಕತ್ತರಿಸಿದ ತುಂಡನ್ನು ಎತ್ತಿ ಮಡಿಚತೊಡಗಿದಳು. ಮಹಾಂತೇಶ ಚಪ್ಪಲಿ ಮೆಟ್ಟತೊಡಗಿದ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ದಾಕ್ಷಾಯಣಿ ಒಳಗೆ ಬಂದು ತಾಯಿಯ ಸೆರಗು ಹಿಡಿದಳು. ಈ ಸಲ ಯಾರಿಗೂ ಅವಳನ್ನು ಅಟ್ಟಲು ಆಗಲಿಲ್ಲ.

"ಅವ್ವಾ, ಪಾಪು ಸಾಯೂದ್ರೊಳಗ ನಾನೂ ಒಮ್ಮೆ ಎತ್ಕೋಬೋದೇನು?"