ಷಟರಿನಿಂದ ಗೋಡೆಗೆ ಇಪ್ಪತ್ತಡಿ

ಮಕ್ಕಳ ಕನ್ನಡಕವೆಂದರೆ ಫ್ರೇಮಿಗೆ ಕೂಲಿಯವನ ಒಂದು ದಿನದ ದುಡಿಮೆ, ಗಾಜಿಗೆ ಇನ್ನೊಂದು ದಿನದ್ದು. ಕಣ್ಣು ನೋಡುವುದಕ್ಕೆ ಮಾತ್ರ ನಾನು ಯಾರ ಹತ್ತಿರವೂ ಕಾಸು ಮುಟ್ಟಿದವನಲ್ಲ. ಸ್ವಂತ ಮಗಳಿಗಂತೂ ಭಾನುವಾರ ಭಾನುವಾರ ಬಿಟ್ಟಿ ಪರೀಕ್ಷೆ.

ಮುಂದೆ ನನ್ನ ಕನ್ನಡಕದ ಅಂಗಡಿ, ಹಿಂದೆ ಎರಡು ಕೋಣೆಯ ಮನೆ. ಕಾಯಿಲೆ ಹಬ್ಬಿ ಊರೆಲ್ಲ ಬಂದ್ ಆದಾಗ ಷಟರ್ ಎಳೆದೆವು. ಮಗಳಿಗೆ ಆಗ ಆರು ವರ್ಷ. ಗಿರಾಕಿಯಿಲ್ಲದ ಅಂಗಡಿಯೇ ಅವಳಿಗೆ ಶಾಲೆ, ಅದೇ ಆಟದ ಬಯಲು. ಬೆಳಿಗ್ಗೆ ಫೋನಿನಲ್ಲಿ ಪಾಠ, ಮಧ್ಯಾಹ್ನ ಫೋನಿನಲ್ಲಿ ಕಾರ್ಟೂನು, ಸಂಜೆ ಮತ್ತೆ ಅದೇ ಫೋನು. ಕಣ್ಣು ಪರೀಕ್ಷಿಸುವ ಅಕ್ಷರದ ಚಾರ್ಟು ಗೋಡೆಯಲ್ಲಿತ್ತು. ಅದರ ಕೆಳಗೇ ಚಾಪೆ ಹಾಸಿಕೊಂಡು ಬಿದ್ದಿರುತ್ತಿದ್ದಳು.

ಮೇಲೆ ತಾರಸಿಯೇನೋ ಇತ್ತು. ಆದರೆ ಮಹಡಿಯ ಮನೆಯ ಟೈಲರ್ ಜ್ವರವೆಂದು ಆಸ್ಪತ್ರೆಗೆ ಹೋದವರು ವಾಪಸು ಬರಲಿಲ್ಲ. ತಾರಸಿಯ ಮೆಟ್ಟಿಲು ಅವರ ಬಾಗಿಲ ಮುಂದೆಯೇ ಹಾಯುತ್ತಿತ್ತು. ಅಂದೇ ನಮ್ಮ ಕಡೆಯ ಮೆಟ್ಟಿಲ ಬಾಗಿಲಿಗೆ ಬೀಗ ಜಡಿದು ಕೀಲಿಕೈ ಜೇಬಿಗಿಳಿಸಿದೆ.

ಮೂರು ತಿಂಗಳಾದ ಮೇಲೆ ಹೆಂಡತಿ ಗೊಣಗತೊಡಗಿದಳು. ಮಗು ಫೋನನ್ನು ಮೂಗಿಗೇ ತಾಗಿಸಿಕೊಳ್ಳುತ್ತದೆ, ದಿನಕ್ಕೊಂದು ಗಂಟೆಯಾದರೂ ತಾರಸಿಗೆ ಬಿಡೋಣ ಎಂದಳು. ನಾನು ಮಗಳನ್ನು ಷಟರಿನ ಹತ್ತಿರ ನಿಲ್ಲಿಸಿ, ಒಂದು ಕಣ್ಣು ಮುಚ್ಚಿಸಿ, ಇಪ್ಪತ್ತಡಿ ದೂರದ ಚಾರ್ಟು ಓದಿಸಿದೆ. ಕೊನೆಯ ಸಾಲಿನವರೆಗೂ ಪಟಪಟನೆ ಹೇಳಿದಳು. ಇನ್ನೊಂದು ಕಣ್ಣಿನಲ್ಲೂ ಅಷ್ಟೇ ಸಲೀಸು.

"ನೋಡೇ, ಇದು ಹದ್ದು" ಎಂದೆ.

"ಈ ಹದ್ದು ನಿನ್ನೆ ಬಾಗಿಲಲ್ಲಿ ನಿಂತಿದ್ದ ನನ್ನನ್ನೇ ಯಾರದು ಅಂತ ಕೇಳ್ತು."

"ನೀನು ಮಾಸ್ಕ್ ಹಾಕಿದ್ದೆ. ನನಗೂ ಗುರುತು ಸಿಗ್ತಿರಲಿಲ್ಲ."

"ನಿಮಗೆ ಮಾಸ್ಕ್ ಇಲ್ಲದಿದ್ರೂ ಸಿಗಲ್ಲ ಬಿಡಿ."

ಹೀಗೆ ವಾರವಾರವೂ ಪರೀಕ್ಷೆ. ವಾರವಾರವೂ ಬೀಗದ ವಾದದಲ್ಲಿ ನನ್ನದೇ ಗೆಲುವು. ಮಗಳು ತಟ್ಟೆಯ ಮೇಲೆ ಬಗ್ಗಿ ಬಗ್ಗಿ ಉಣ್ಣುವುದು ನನಗೂ ಕಂಡಿತ್ತು. ಎದುರು ಮನೆಯ ಕಿಟಕಿಯಿಂದ ಗೆಳತಿ ಕೈ ಬೀಸಿದರೆ ಇವಳು ತಿರುಗಿ ಬೀಸುತ್ತಿರಲಿಲ್ಲ. ಜಗಳವಾಡಿರಬೇಕು ಎಂದುಕೊಂಡೆ. ಇಪ್ಪತ್ತು ವರ್ಷ ಅನ್ನ ಕೊಟ್ಟ ಚಾರ್ಟನ್ನು ನಂಬದೆ ಇನ್ನೇನನ್ನು ನಂಬಲಿ?

ವರ್ಷ ದಾಟಿದ ಮೇಲೆ ಅಂಗಡಿ ತೆರೆಯಲು ಅಪ್ಪಣೆ ಸಿಕ್ಕಿತು. ಅದಕ್ಕೆ ಮುಂಚಿನ ಭಾನುವಾರ ಸ್ಟೂಲು ಹತ್ತಿ ಗೋಡೆಗೆ ಬಣ್ಣ ಬಳಿಯುತ್ತಿದ್ದೆ. ಅಕ್ಷರಗಳಿಗೆ ಸಿಡಿಯದಿರಲೆಂದು ಚಾರ್ಟಿನ ಮುಖವನ್ನು ಗೋಡೆಗೆ ತಿರುಗಿಸಿ ತೂಗುಹಾಕಿದ್ದೆ. ಭಾನುವಾರವಲ್ಲವೇ, ಯಾರೂ ಕರೆಯದೆಯೇ ಮಗಳು ಬಂದು ಷಟರಿಗೆ ಬೆನ್ನು ಕೊಟ್ಟು ನಿಂತಳು. ಎಡಗಣ್ಣಿಗೆ ಅಂಗೈ ಇಟ್ಟುಕೊಂಡು ಶುರುಮಾಡಿದಳು. ಮೊದಲ ಸಾಲು, ಎರಡನೆಯದು, ಮೂರನೆಯದು. ಒಂದಕ್ಷರವೂ ತಪ್ಪಲಿಲ್ಲ.

ನನ್ನ ಕೈಯಲ್ಲಿದ್ದ ಬ್ರಷ್ಷು ತೊಟ್ಟಿಕ್ಕುತ್ತಿತ್ತು. ಅವಳ ಎದುರಿಗಿದ್ದದ್ದು ಬರೀ ಬಿಳಿ ರಟ್ಟು.

"ಎಲ್ಲಿ ನೋಡ್ತಿದ್ದೀಯ ಕಂದಾ?"

"ಅಲ್ಲೇ ಅಪ್ಪ. ಬೆಳ್ಳಗಿದೆಯಲ್ಲ, ಅದನ್ನೇ."

"ಅಕ್ಷರ ಕಾಣ್ತಿದೆಯಾ?"

ಅವಳು ನಕ್ಕಳು. "ಇಷ್ಟು ದೂರದಿಂದ ಅಕ್ಷರ ಯಾರಿಗಾದ್ರೂ ಕಾಣುತ್ತಾ? ಬಾಯಿಪಾಠ ಹೇಳ್ಬೇಕಲ್ವಾ?"

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಕೈ ಚಾಚಿದಳು, ಅಷ್ಟೆ. ಜೇಬಿನಿಂದ ಕೀಲಿಕೈ ತೆಗೆದು ಕೊಟ್ಟೆ.

ಪರೀಕ್ಷೆಯ ಗಾಜುಗಳ ಪೆಟ್ಟಿಗೆ ತೆರೆದು, ಚಾರ್ಟನ್ನು ತಿರುಗಿಸಿ, ಒಂದೊಂದೇ ಗಾಜು ಹಾಕುತ್ತಾ ಹೋದೆ. ಒಂದಕ್ಕೆ ಮಂಜು ಎಂದಳು. ಎರಡಕ್ಕೂ ಮಂಜು. ಬಲಗಣ್ಣಿಗೆ ಮೈನಸ್ ಮೂರೂವರೆಗೆ ನಿಂತಿತು, ಎಡಗಣ್ಣಿಗೆ ನಾಲ್ಕಕ್ಕೆ. ಬೆಳೆಯುವ ವಯಸ್ಸು, ನಂಬರು ಇನ್ನೂ ಏರಬಹುದು ಎಂದರು ಕಣ್ಣಿನ ಡಾಕ್ಟರು. ದಿನಾ ಸ್ವಲ್ಪ ಹೊತ್ತು ಬಯಲ ಬೆಳಕಿನಲ್ಲಿ ಆಡಿದ್ದರೆ ಇಷ್ಟು ಬೇಗ ಏರುತ್ತಿರಲಿಲ್ಲವೇನೋ ಎಂದೂ ಹೇಳಿದರು.

ಷಟರ್ ತೆರೆದ ಮೊದಲ ವಾರದಲ್ಲೇ ಮಕ್ಕಳ ಫ್ರೇಮುಗಳು ಖಾಲಿಯಾದವು. ಹಿಂದೆಂದೂ ಅಂಥ ವ್ಯಾಪಾರ ಆಗಿರಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಜ್ವರ ಬರಲಿಲ್ಲ. ಮಗಳ ದೂರದ ದೃಷ್ಟಿ ಹೋಯಿತು. ಅದು ವಾಪಸು ಬರುವುದಿಲ್ಲ.