ಅಕ್ಕನ ಸಹಿ

ನನ್ನ ಮೊದಲ ಸಿನಿಮಾವನ್ನು ಹನ್ನೊಂದು ಕಂಪನಿಗಳಿಗೆ ತೋರಿಸಿದೆ. ಹತ್ತು ಕಡೆಯವರು ‘ತುಂಬಾ ಚೆನ್ನಾಗಿದೆ’ ಎಂದು ಹೇಳಿ ಕೈತೊಳೆದುಕೊಂಡರು. ಹನ್ನೊಂದನೆಯ ಕಂಪನಿಯ ಮೇಡಂ ಮಾತ್ರ ಕೊಳ್ಳುತ್ತೇವೆ ಎಂದರು. ಆದರೆ ತೆರೆಯ ಮೇಲೆ ಕಾಣುವ ಪ್ರತಿಯೊಬ್ಬರ ಒಪ್ಪಿಗೆ ಪತ್ರ ಶುಕ್ರವಾರದೊಳಗೆ ಬೇಕು, ಇಲ್ಲದಿದ್ದರೆ ಇಲ್ಲ.

ಎಲ್ಲರದೂ ಇತ್ತು. ಒಂದೇ ಸಲ ಬಾಗಿಲ ಮುಂದೆ ಹಾದುಹೋದ ಪೋಸ್ಟ್‌ಮ್ಯಾನ್‌ನದೂ ಇತ್ತು. ನಾಯಕಿಯದು ಮಾತ್ರ ಇರಲಿಲ್ಲ. ನಾಯಕಿ ನನ್ನ ಅಕ್ಕ. ಒಡಹುಟ್ಟಿದವಳ ಹತ್ತಿರ ಯಾರಾದರೂ ಸಹಿ ಕೇಳುತ್ತಾರೆಯೇ ಎಂದುಕೊಂಡಿದ್ದೆ, ಪೆದ್ದ.

ಅಕ್ಕ ಟೈಲರ್. ಸಿನಿಮಾದಲ್ಲೂ ಟೈಲರೇ, ಯಾರದೋ ಅಂಗಡಿಯಲ್ಲಿ ಹೊಲಿಯುವವಳು. ಕಾಗದ ಹಿಡಿದು ಹೋದಾಗ ಶರಟಿಗೆ ಕಾಜಾ ಹಾಕುತ್ತಿದ್ದಳು.

“ಮೊದ್ಲು ಸಿನಿಮಾ ತೋರ್ಸು. ಸಹಿ ಆಮೇಲೆ.”

ಎರಡು ವರ್ಷದಿಂದ ಏನೇನೋ ನೆಪ ಹೇಳಿ ಅವಳಿಗೆ ತೋರಿಸಿರಲಿಲ್ಲ. ಎಲ್ಲರೂ ಹೊಗಳುವ ದೃಶ್ಯವೊಂದು ಅದರಲ್ಲಿದೆ, ಅಕ್ಕ ಮಿಷನ್ ಮೇಲೆ ತಲೆಯಿಟ್ಟು ಅಳುವುದು. ಅದು ನಟನೆಯಲ್ಲ. ಹದಿನಾರನೆಯ ಟೇಕೂ ಕೆಟ್ಟಾಗ ನಾನು ಎಲ್ಲರೆದುರು ಬಾಯಿಗೆ ಬಂದಂತೆ ಬೈದು, ಕ್ಯಾಮೆರಾ ಆಫ್ ಆಗಿದೆ ಎಂದು ಸುಳ್ಳು ಹೇಳಿದ್ದೆ.

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಆ ದೃಶ್ಯ ಬಂತು. ಅಕ್ಕ ನಿಲ್ಲಿಸು ಎಂದಳು.

“ಆಫ್ ಅಂದಿದ್ದೆ ಅಲ್ವೇನೋ?”

“ಹೂಂ. ತೆಗೆದ್ಬಿಡ್ತೀನಿ ಅಕ್ಕ.”

“ಅವ್ರು ತಗೊಳ್ತಿರೋದು ಇದಕ್ಕೇ ತಾನೇ?”

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಹೂಂ ಎಂದೆ.

“ಇರ್ಲಿ ಬಿಡು. ಆದ್ರೆ ನೀನು ಬೈದಿದ್ದೂ ಇರ್ಬೇಕು. ಸುಮ್ಸುಮ್ನೆ ಅಳೋಳಲ್ಲ ನಾನು.”

ಬೈಗುಳವೂ ರೆಕಾರ್ಡ್ ಆಗಿತ್ತು. ‘ಒಂದು ಕೆಲ್ಸ ನೆಟ್ಟಗೆ ಮಾಡಕ್ಕೆ ಬರಲ್ವಾ ನಿಂಗೆ? ದಂಡಪಿಂಡ!’ ಅದನ್ನು ಅಳುವಿಗೆ ಮುಂಚೆ ಸೇರಿಸಿ ಅವಳಿಗೆ ತೋರಿಸಿದೆ. ಸಹಿ ಹಾಕಿದಳು. ಎಲ್ಲವನ್ನೂ ಕಂಪನಿಗೆ ಕಳಿಸಿದೆ.

ಶುಕ್ರವಾರ ಬೆಳಿಗ್ಗೆ ಮೇಡಂ ಫೋನ್ ಮಾಡಿದರು. “ಅಂಗಡಿ ಯಜಮಾನನ ದನಿ ಯಾರದ್ರೀ? ಕೇಳಿದ್ರೆ ಮೈಯೆಲ್ಲ ಉರಿಯುತ್ತೆ. ಸಿನಿಮಾ ಈಗ ಇನ್ನೂ ಚೆನ್ನಾಗಾಗಿದೆ. ಅವ್ರದೂ ಒಂದು ಒಪ್ಪಿಗೆ ಪತ್ರ ಕಳ್ಸಿ, ಮುಗೀತು.”

ಅಕ್ಕನ ಅಂಗಡಿಯಲ್ಲೇ ಕೂತು ಪತ್ರ ತುಂಬಿದೆ. ಹೆಸರು ಬರೆದೆ, ಸಹಿ ಹಾಕಿದೆ. ‘ಪಾತ್ರ’ ಎಂದಿದ್ದ ಜಾಗದಲ್ಲಿ ಪೆನ್ನು ನಿಂತಿತು. ನಗಿಸೋಣವೆಂದು ಕೇಳಿದೆ, “ಅಕ್ಕ, ‘ತಮ್ಮ’ ಅಂತ ಬರೀಲಾ?”

ಅಕ್ಕ ನಗಲಿಲ್ಲ. ದಾರ ಕಚ್ಚಿ ತುಂಡು ಮಾಡಿದಳು.

“ಯಜಮಾನ ಅಂತಾನೇ ಬರಿ. ಅವತ್ತು ನೀನು ತಮ್ಮ ಆಗಿರ್ಲಿಲ್ಲ.”

ಹಾಗೇ ಬರೆದೆ.