ಗಂಡಂದಿರ ಗುಂಪಿಗೊಂದು ಹೆಸರು

ವರ್ನಾಳ ಬಾಯಿಗೆ ಹೆದರದವರು ಆ ಕೊಲ್ಲಿಯ ದಡದಲ್ಲಿ ಯಾರೂ ಇರಲಿಲ್ಲ. ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಶುಕ್ರವಾರದ ಹೌಸಿ ಆಟಕ್ಕೆ ನಂಬರು ಕೂಗುತ್ತಿದ್ದವಳು ಅವಳೇ; ಒಂದೊಂದು ನಂಬರಿಗೂ ಊರಿನ ಯಾರದಾದರೂ ಮಾನ ಹರಾಜಾಗುತ್ತಿತ್ತು. ಎಲೆ ಉದುರುವ ಕಾಲದಲ್ಲಿ ಲಕ್ವ ಹೊಡೆದು ಅವಳ ಬಲಗೈ ಸೋತಿತು, ಮಾತು ನಿಂತಿತು. ಕೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಆದರೆ ಹೇಳಲು ಹೊರಟ ಪದ ನಾಲಿಗೆಯ ತುದಿಯವರೆಗೆ ಬಂದು ಹಿಂದಕ್ಕೆ ಓಡುತ್ತಿತ್ತು.

ಆಸ್ಪತ್ರೆಯಿಂದ ಬಂದ ವಾರದಲ್ಲೇ ಅವಳು ಮನೆಯೊಳಗಿನ ಚಪ್ಪಲಿಯಲ್ಲಿ, ಹೆಪ್ಪುಗಟ್ಟಿದ ದಾರಿಯ ಮೇಲೆ, ದೋಣಿ ಕಟ್ಟುವಲ್ಲಿಗೆ ನಡೆದುಬಿಟ್ಟಳು. ಪಕ್ಕದ ಮನೆಯ ಲೊರೇನ್ ಕಂಡು ಕರೆತಂದಳು. ಅಂದೇ ಅವಳ ಗಂಡ ಎಲ್ವುಡ್ ಅಡುಗೆಮನೆಯಿಂದ ಹೊರಹೋಗುವ ಬಾಗಿಲಿಗೆ, ಅವಳ ಕೈಗೆಟುಕದ ಎತ್ತರದಲ್ಲಿ, ಚಿಲಕ ಜಡಿದು ಬೀಗ ಹಾಕಿದ. ಅಂದಿನಿಂದ ಅವನೂ ಹೊಸ್ತಿಲು ದಾಟಲಿಲ್ಲ. ಸಾಮಾನು ಲೊರೇನಳೇ ತಂದುಕೊಡುತ್ತಿದ್ದಳು.

ಅವನಿಗೆ ಉಳಿದದ್ದು ಬೆಳಗಿನ ಕ್ಷೌರವೊಂದೇ. ಬಟ್ಟಲಲ್ಲಿ ಸೋಪಿನ ನೊರೆ ಎಬ್ಬಿಸಿ, ಹಳೆಯ ಕಾಲದ ರೇಜರಿನಲ್ಲಿ ಸಾವಕಾಶ ಕೆರೆದುಕೊಳ್ಳುವ ಶೋಕಿ. ಹಂದಿಕೂದಲಿನವು, ಕುದುರೆಕೂದಲಿನವು, ಬ್ಯಾಜರ್ ಎಂಬ ಬಿಲದ ಪ್ರಾಣಿಯ ಕೂದಲಿನವು ಎಂದು ಕಿಟಕಿಯ ತುಂಬ ಬ್ರಷ್ಷುಗಳು. ಇದೇ ಹುಚ್ಚಿನ ಗಂಡಸರು ಇಂಟರ್ನೆಟ್ಟಿನಲ್ಲಿ ಕೂಡುವ ಹರಟೆಕಟ್ಟೆಯೂ ಇತ್ತು. 'ನಿನ್ನ ಮಂದೆ ಹೇಗಿದೆ?' ಎಂದೇ ಅಲ್ಲಿ ಕುಶಲ ವಿಚಾರಿಸುವುದು; ಮಂದೆಯೆಂದರೆ ಬ್ರಷ್ಷುಗಳು. ಆಗಾಗ ಯಾರಾದರೂ ಏನಾದರೊಂದು ತಮಾಷೆಯ ಪಂದ್ಯ ಹೂಡಿ ತಮ್ಮ ಬ್ರಷ್ಷನ್ನು ಪುಕ್ಕಟೆ ಕೊಡುತ್ತಿದ್ದರು.

ಫೆಬ್ರವರಿಯಲ್ಲಿ ಎಲ್ವುಡ್ ತಾನೇ ಸೇಬಿನ ಮರದ ಹಿಡಿ ಕಡೆದಿದ್ದ ಹಂದಿಕೂದಲಿನ ಬ್ರಷ್ಷನ್ನು ಪಣಕ್ಕಿಟ್ಟ. ಅವರ ಭಾಷೆಯಲ್ಲಿ ಕಾಗೆಗಳ ಗುಂಪಿಗೆ 'ಕೊಲೆ' ಎನ್ನುತ್ತಾರೆ, ಗೂಬೆಗಳ ಗುಂಪಿಗೆ 'ಸಂಸತ್ತು'. ಅಂಥದೇ ಹೊಸ ಹೆಸರು ಕಟ್ಟಿ ನನ್ನ ಹೆಂಡತಿಯನ್ನು ನಗಿಸಿದವರಿಗೆ ಬ್ರಷ್ಷು ಎಂದು ಬರೆದ.

ಹೆಸರುಗಳು ಸುರಿದವು. ಚಹಾದ ಹೊತ್ತಿಗೆ ಅವನು ಒಂದೊಂದನ್ನೇ ಓದಿದ. ಬೆಕ್ಕುಗಳ ಉದಾಸೀನ. ಬೋಳುತಲೆಗಳ ಹುಣ್ಣಿಮೆ. ಬೀಗರ ಮುತ್ತಿಗೆ. ವರ್ನಾ ಸುಮ್ಮನೆ ಬಿಸ್ಕತ್ತು ನೆನೆಸುತ್ತಿದ್ದಳು. ಬಯಲುಸೀಮೆಯ ರೈತನೊಬ್ಬ 'ಕಡಲಹಕ್ಕಿಗಳ ದರೋಡೆ' ಎಂದು ಬರೆದಿದ್ದ. ಕೈಯಲ್ಲಿನ ತಿಂಡಿ ಕಸಿಯುವ ಆ ಹಕ್ಕಿಗಳನ್ನು ದಿನವೂ ಕಂಡವಳಿಗೆ ಅದನ್ನು ಕೇಳಿದ್ದೇ ನಗು ಒತ್ತರಿಸಿ ಚಹಾ ಮೂಗಿಗೇರಿತು. ಅಷ್ಟು ತಿಂಗಳಲ್ಲಿ ಅವನು ಅವಳ ನಗು ಕೇಳಿದ್ದು ಅದೇ ಮೊದಲು. ಆ ಹುರುಪಿನಲ್ಲಿ ಕೇಳಿದ:

"ಗಂಡಂದಿರ ಗುಂಪಿಗೆ ಏನಂತಾರೆ, ಹೇಳು ನೋಡೋಣ."

ಅವಳ ತುಟಿ ಆಡಿತು. ಅವನು ಕಾದ. "ಬೀ..." ಎಂದಳು. ಮತ್ತೆ, "ಬೀಗ."

ಎಲ್ವುಡ್ ಮೇಜು ಕುಟ್ಟಿ ನಕ್ಕ. ಅವಳು ನಗಲಿಲ್ಲ. ಅವಳ ಕಣ್ಣು ಬಾಗಿಲ ಮೇಲಿತ್ತು.

"ನಾನು ಕೋಳಿ ಅಲ್ಲ ಕಣೋ."

ಪದಗಳ ನಡುವೆ ಅಷ್ಟುದ್ದದ ಅಂತರವಿತ್ತು. ಆದರೆ ಒಂದೂ ತಪ್ಪಿರಲಿಲ್ಲ. ಅವನಿಗೆ ಸಂತೋಷಕ್ಕಿಂತ ಮೊದಲು ಸಿಟ್ಟು ಬಂತು. "ಅವತ್ತು ನೀರಿಗೆ ಬಿದ್ದಿದ್ರೆ? ಆಮೇಲೆ ನಾನೇನು ಮಾಡ್ಬೇಕಿತ್ತು?" ಎಂದ. ಅವಳು ಲೋಟವನ್ನು ಆಚೆ ಸರಿಸಿ ಮುಖ ತಿರುಗಿಸಿದಳು.

ಮರುದಿನ ಕ್ಷೌರಕ್ಕೆ ಕೂತವನು ಗಲ್ಲ ಕೊಯ್ದುಕೊಂಡ. ರಕ್ತಕ್ಕೆ ಪಟಿಕ ಒತ್ತಿಕೊಂಡು ಕನ್ನಡಿಯಲ್ಲಿ ನೋಡಿದರೆ ಬಿಸಿಲೇ ಕಾಣದ ಬಿಳಚಿದ ಮುಖ. ಯಾರಿಗಾಗಿ ದಿನಾ ಇಷ್ಟು ನುಣ್ಣಗೆ ಬೋಳಿಸಿಕೊಳ್ಳುತ್ತಿದ್ದೇನೆ ಎಂದುಕೊಂಡ. ಸ್ಕ್ರೂಡ್ರೈವರ್ ತಂದು ಸ್ಟೂಲು ಹತ್ತಿ ಚಿಲಕ ಬಿಚ್ಚಿದ. ಬಾಗಿಲಲ್ಲಿ ತೂತುಗಳು ಉಳಿದವು.

ವರ್ನಾ ಆತುರಪಡಲಿಲ್ಲ. ಊಟ ಮುಗಿಸಿ ಎಡಗೈಯೊಂದರಲ್ಲೇ ಬೂಟಿನ ದಾರ ಕಟ್ಟತೊಡಗಿದಳು. ಸಹಾಯಕ್ಕೆ ಬಗ್ಗಿದ ಗಂಡನ ಕೈಯನ್ನು ತಟ್ಟಿಹಾಕಿದಳು. ಆಮೇಲೆ ಬಾಗಿಲು ತೆರೆದು ಹೋದಳು. ಹಿಂದೆ ಹೋಗಲೇ, ಬೇಡವೇ ಎಂದು ಎಲ್ವುಡ್ ಕುರ್ಚಿಯ ಬೆನ್ನನ್ನು ಬಿಗಿಹಿಡಿದು ನಿಂತ. ಕಿಟಕಿಯಾಚೆ ಮಂಜು ಕವಿದು ಅವಳ ಕೆಂಪು ಟೋಪಿಯೂ ಮರೆಯಾಯಿತು. ಬಾಗಿಲು ತೆರೆದೇ ಇದ್ದರೂ ಅವನ ಕಾಲು ಏಳಲಿಲ್ಲ.

ಕೊನೆಗೆ ಫೋನು ರಿಂಗಾಯಿತು. "ನಿನ್ನ ಹೆಂಡ್ತಿ ಇಲ್ಲಿದಾಳೆ ಮಾರಾಯ," ಎಂದಳು ಲೊರೇನ್. "ಮೆಟ್ಟಿಲಲ್ಲಿ ಜಾರಿ ಮಂಡಿ ತರಚಿಕೊಂಡಿದಾಳೆ. ಈಗ ಇಸ್ಪೀಟಲ್ಲಿ ನನ್ನನ್ನ ಬೋಳಿಸ್ತಿದಾಳೆ. ನೀನು ಬರೋದು ಬೇಡವಂತೆ."

ಅವನು ಬ್ರಷ್ಷನ್ನು ಕಾಗದದಲ್ಲಿ ಸುತ್ತಿ, ರೈತನ ವಿಳಾಸ ಬರೆದು ಅಂಚೆ ಕಚೇರಿಗೆ ಹೊರಟ. ರಸ್ತೆಯಲ್ಲಿ ನಡೆಯುವುದೇ ಮರೆತವನಂತೆ ಬೇಲಿ ಹಿಡಿದು ಹಿಡಿದು ಹೋದ. ಪೊಟ್ಟಣ ಕೊಟ್ಟಾದ ಮೇಲೆ ತಕ್ಷಣ ಮನೆಗೆ ಓಡಬೇಕಾದ ಕೆಲಸವೇನೂ ಇರಲಿಲ್ಲ. ಆದರೂ ಓಡಿದ.

ಸಂಜೆ ವರ್ನಾ ಬಂದಾಗ ಅವನು ಅವಳ ಮಂಡಿ ತೊಳೆದು ಪಟ್ಟಿ ಕಟ್ಟಿದ. ಮರುದಿನವೂ ಅವಳು ಹೋದಳು.